ಪಕ್ಷಿಗಳ ಹಿಕ್ಕೆ ಹಾಗೂ ಗರಿಯ ಧೂಳಿನಿಂದ ಉಂಟಾಗುವ ಶ್ವಾಸಕೋಶದ ಅಲರ್ಜಿ ಕಾಯಿಲೆ – ಸಾರ್ವಜನಿಕರ ಮಾಹಿತಿಗಾಗಿ

ಪಾರಿವಾಳ, ಗಿಳಿ, ಕೋಳಿ ಮುಂತಾದ ಪಕ್ಷಿಗಳ ಒಣಗಿದ ಹಿಕ್ಕೆ ಹಾಗೂ ಗರಿಗಳಿಂದ ಉದುರುವ ನವಿರಾದ ಪುಡಿಯು ಉಸಿರಿನೊಡನೆ ಒಳಸೇರಿದಾಗ, ಕೆಲವರ ದೇಹವು ಅದರಲ್ಲಿನ ಪ್ರೋಟೀನುಗಳಿಗೆ ಅತಿಯಾಗಿ ಪ್ರತಿಕ್ರಿಯಿಸಿ ಶ್ವಾಸಕೋಶದ ಗಾಳಿಚೀಲಗಳಲ್ಲಿ ಉರಿಯೂತ ಉಂಟಾಗುತ್ತದೆ. ವೈದ್ಯಕೀಯದಲ್ಲಿ ಇದನ್ನು ಹೈಪರ್‌ಸೆನ್ಸಿಟಿವಿಟಿ ನ್ಯುಮೋನೈಟಿಸ್ ಎಂದು ಕರೆಯಲಾಗುತ್ತದೆ. 1965ರಲ್ಲಿ ಅಮೆರಿಕೆಯ ವೈದ್ಯರು ಪಾರಿವಾಳ ಸಾಕುವವರಲ್ಲಿ ಇದನ್ನು ವಿವರಿಸಿದ್ದರು. ಇದು ಸೋಂಕು ರೋಗವಲ್ಲ. ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ಹಕ್ಕಿಜ್ವರಕ್ಕೂ ಇದಕ್ಕೂ ಸಂಬಂಧವಿಲ್ಲ. ಪಕ್ಷಿ ಸಾಕುವ ಬಹುಪಾಲು ಜನರಿಗೆ ಈ ಕಾಯಿಲೆ ಬರುವುದೇ ಇಲ್ಲವಾದುದರಿಂದ ಅನಗತ್ಯವಾಗಿ ಭಯಪಡಬೇಕಾಗಿಲ್ಲ.

ಆದಾಗ್ಯೂ ಇದು ಅಪರೂಪದ ಕಾಯಿಲೆಯೆಂದು ತಳ್ಳಿಹಾಕುವಂತಿಲ್ಲ. ಭಾರತದ 19 ನಗರಗಳ 27 ಕೇಂದ್ರಗಳಲ್ಲಿ, ಶ್ವಾಸಕೋಶದ ಅಂಗಾಂಶಕ್ಕೆ ಸಂಬಂಧಿಸಿದ ಕಾಯಿಲೆಗಳಿಂದ ಬಳಲುತ್ತಿದ್ದ 1,084 ರೋಗಿಗಳನ್ನು ನೋಂದಾಯಿಸಿ 2017ರಲ್ಲಿ ಪ್ರಕಟಿಸಲಾದ ವರದಿಯ ಪ್ರಕಾರ, ಅವರಲ್ಲಿ ಶೇ. 47.3ರಷ್ಟು ಮಂದಿಗೆ ಇದ್ದುದು ಹೈಪರ್‌ಸೆನ್ಸಿಟಿವಿಟಿ ನ್ಯುಮೋನೈಟಿಸ್. ಏರ್ ಕೂಲರ್, ಬೂಷ್ಟು ಮತ್ತು ಪಕ್ಷಿಗಳು ಇದರ ಮುಖ್ಯ ಕಾರಣಗಳು. ಮೈಸೂರು ಅರಮನೆಯ ಎದುರು ಪಾರಿವಾಳಗಳಿಗೆ ಕಾಳು ಎರಚುವ ವಾಡಿಕೆಗೆ ಬಂದ ಆಕ್ಷೇಪಗಳಲ್ಲಿ ಕಟ್ಟಡದ ಸಂರಕ್ಷಣೆಯ ಜೊತೆಗೆ ಈ ಕಾಯಿಲೆಯ ವಿಚಾರವೂ ಇತ್ತು. ಮುಂಬಯಿ ಮಹಾನಗರ ಪಾಲಿಕೆಯು 2025ರಲ್ಲಿ ಕಬೂತರ್‌ಖಾನೆಗಳನ್ನು ಮುಚ್ಚಿದ್ದು ಜನಾರೋಗ್ಯದ ಕಾರಣದಿಂದಲೇ.

ಹುಣಸೂರು ಉಪವಿಭಾಗದ ತಾಲ್ಲೂಕುಗಳಲ್ಲಿ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಮತ್ತು ಎಚ್.ಡಿ. ಕೋಟೆ ತಾಲ್ಲೂಕುಗಳು ಹೊಗೆಸೊಪ್ಪು ಬೆಳೆಗೆ ಹೆಸರಾದವು. ಈ ಭಾಗದಲ್ಲಿ ಕೆಮ್ಮು, ಉಬ್ಬಸ ಕಂಡುಬಂದಲ್ಲಿ ಬ್ಯಾರನ್ ಹೊಗೆಯೇ ಕಾರಣವೆಂದು ಸುಮ್ಮನಾಗುವುದು ಅಥವಾ ಕ್ಷಯ, ಆಸ್ತಮಾ ಎಂದು ಭಾವಿಸುವುದು ಸಹಜ. ಆದರೆ ಇದೇ ಮನೆಗಳಲ್ಲಿ ನಾಟಿ ಕೋಳಿಗಳನ್ನು ರಾತ್ರಿ ವೇಳೆ ಮನೆಯೊಳಗೆ ಬುಟ್ಟಿಯಡಿ ಮುಚ್ಚಿಡುವುದುಂಟು. ಶುಂಠಿ ಹೊಲಕ್ಕೆ ಕೋಳಿ ಗೊಬ್ಬರ ಎರಚುವುದು, ಕೋಳಿ ಫಾರಂಗಳಲ್ಲಿ ಮರಿಗಳ ಒಂದು ತಂಡ ಮಾರಾಟವಾದ ನಂತರ ನೆಲದ ಭತ್ತದ ಹೊಟ್ಟನ್ನು ಕೆರೆದು ತುಂಬುವುದು, ಇವೆಲ್ಲವೂ ದಟ್ಟ ಧೂಳಿನ ಕೆಲಸಗಳು. ಪಾರಿವಾಳ ಹಾಗೂ ಗಿಳಿ ಜಾತಿಯ ಪಕ್ಷಿಗಳಿಗೆ ಹೋಲಿಸಿದಲ್ಲಿ ಕೋಳಿಯಿಂದ ಈ ಕಾಯಿಲೆ ಬರುವುದು ಕಡಿಮೆ, ಆದರೆ ಬರುವುದಿಲ್ಲವೆಂದಲ್ಲ. ಬೂಷ್ಟು ಹಿಡಿದ ಹೊಗೆಸೊಪ್ಪಿನ ಧೂಳೂ ಇದೇ ಬಗೆಯ ಕಾಯಿಲೆಯನ್ನು ತರಬಲ್ಲದು. ಧೂಮಪಾನಿಗಳಲ್ಲಿ ಈ ಕಾಯಿಲೆ ಕಡಿಮೆ ಕಂಡುಬರುತ್ತದೆ ಎಂಬುದು ನಿಜವಾದರೂ ಬೀಡಿ, ಸಿಗರೇಟನ್ನು ರಕ್ಷಣೆಯೆಂದು ತಿಳಿಯಬಾರದು. ಧೂಮಪಾನಿಗೆ ಕಾಯಿಲೆ ತಗುಲಿದಲ್ಲಿ ಅದು ಹೆಚ್ಚು ತೀವ್ರವಾಗಿರುತ್ತದೆ.

ಲಕ್ಷಣಗಳು ಎರಡು ಬಗೆ. ಧೂಳಿಗೆ ಒಡ್ಡಿಕೊಂಡ ನಾಲ್ಕರಿಂದ ಎಂಟು ಗಂಟೆಗಳ ನಂತರ ಚಳಿಜ್ವರ, ಒಣಕೆಮ್ಮು, ಮೈಕೈ ನೋವು ಮತ್ತು ಏದುಸಿರು ಕಾಣಿಸಿಕೊಂಡು, ಒಂದೆರಡು ದಿನಗಳಲ್ಲಿ ತಾನಾಗಿಯೇ ಇಳಿಯುವುದು ಒಂದು ಬಗೆ. ಬೆಳಿಗ್ಗೆ ಗೂಡು ಗುಡಿಸಿದವರಿಗೆ ಸಂಜೆ ಜ್ವರ ಬರುವುದರಿಂದ ಎರಡಕ್ಕೂ ಇರುವ ಸಂಬಂಧ ಗಮನಕ್ಕೆ ಬರುವುದಿಲ್ಲ. ಹೆಚ್ಚು ಅಪಾಯಕಾರಿಯಾದುದು ಎರಡನೆಯ ಬಗೆ. ಇದರಲ್ಲಿ ಜ್ವರವಿಲ್ಲದೆ, ತಿಂಗಳು ವರ್ಷಗಳ ಕಾಲ ಏದುಸಿರು ಹೆಚ್ಚುತ್ತಾ, ದೇಹದ ತೂಕ ಇಳಿಯುತ್ತಾ, ಕೆಲವರಲ್ಲಿ ಬೆರಳ ತುದಿಗಳು ಉಬ್ಬುತ್ತವೆ. ಶ್ವಾಸಕೋಶವು ನಾರುಗಟ್ಟಿ ಗಡುಸಾದ ನಂತರ ಅದು ಪೂರ್ವಸ್ಥಿತಿಗೆ ಮರಳುವುದಿಲ್ಲ. ಆದುದರಿಂದ ಕಾಯಿಲೆಯನ್ನು ಮೊದಲ ಹಂತದಲ್ಲಿಯೇ ಗುರುತಿಸುವುದು ಅತ್ಯಗತ್ಯ.

ಕಫ ಪರೀಕ್ಷೆಯಲ್ಲಿ ಕ್ಷಯವಿಲ್ಲವೆಂದು ವರದಿ ಬಂದ ಮೇಲೂ ಕೆಮ್ಮು, ಏದುಸಿರು ಮುಂದುವರಿದಲ್ಲಿ, ರೋಗಿಯು ತನ್ನ ಮನೆ ಹಾಗೂ ಕೆಲಸದ ಸ್ಥಳದಲ್ಲಿರುವ ಪಕ್ಷಿಗಳ ವಿಷಯವನ್ನು ವೈದ್ಯರು ಕೇಳದಿದ್ದರೂ ತಿಳಿಸತಕ್ಕದ್ದು. ರೋಗ ಪತ್ತೆಗೆ ಈ ಒಂದು ಮಾತು ಎಷ್ಟೋ ಪರೀಕ್ಷೆಗಳಿಗಿಂತ ಹೆಚ್ಚು ಸಹಕಾರಿ. ಆನಂತರ ಉಸಿರಾಟದ ಸಾಮರ್ಥ್ಯ ಪರೀಕ್ಷೆ, ಎದೆಯ ಸಿ.ಟಿ. ಸ್ಕ್ಯಾನ್ ಮತ್ತು ಅಗತ್ಯವಿದ್ದಲ್ಲಿ ರಕ್ತ ಪರೀಕ್ಷೆ, ಬ್ರಾಂಕೋಸ್ಕೋಪಿ ನಡೆಸಲಾಗುತ್ತದೆ. ಪಕ್ಷಿಗಳಿಂದ ದೂರವಿರುವುದೇ ಮೊದಲ ಚಿಕಿತ್ಸೆ. ಪಕ್ಷಿಗಳನ್ನು ಸಾಗಹಾಕಿದ ಮೇಲೂ ಅವುಗಳ ಧೂಳು ತಿಂಗಳುಗಟ್ಟಲೆ ಮನೆಯಲ್ಲಿ ಉಳಿಯುವುದರಿಂದ ಗೋಡೆ, ನೆಲ, ಹಾಸಿಗೆಗಳನ್ನು ಒದ್ದೆ ಬಟ್ಟೆಯಿಂದ ಶುಚಿಗೊಳಿಸಬೇಕು. ಈ ಕೆಲಸವನ್ನು ರೋಗಿಯ ಹೊರತು ಬೇರೆಯವರು ಮಾಡುವುದು ಸೂಕ್ತ. ಟವೆಲ್ ಸುತ್ತಿಕೊಂಡರೆ ಈ ಧೂಳು ತಡೆಯುವುದಿಲ್ಲ. ಸ್ಟೀರಾಯ್ಡ್ ಮಾತ್ರೆಗಳನ್ನು ವೈದ್ಯರ ಸಲಹೆಯಿಲ್ಲದೆ ಅಂಗಡಿಯಿಂದ ಖರೀದಿಸಿ ಸೇವಿಸಬಾರದು.

ಚಿಕಿತ್ಸೆ ಮತ್ತು ಸೌಲಭ್ಯಗಳು

ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ತಾಲ್ಲೂಕು ಆಸ್ಪತ್ರೆಯನ್ನು ಸಂಪರ್ಕಿಸತಕ್ಕದ್ದು. ಎದೆರೋಗಗಳಿಗೆ ಮೈಸೂರಿನ ಕೆ.ಆರ್.ಎಸ್. ರಸ್ತೆಯಲ್ಲಿ 1921ರಲ್ಲಿ ಆರಂಭವಾದ ಪಿ.ಕೆ.ಟಿ.ಬಿ. ಆಸ್ಪತ್ರೆಯಿದ್ದು, ಇದು ಮೈಸೂರು ವೈದ್ಯಕೀಯ ಕಾಲೇಜಿಗೆ ಸೇರಿದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ ರೂ. 5 ಲಕ್ಷದವರೆಗೆ, ಎ.ಪಿ.ಎಲ್. ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30ರಂತೆ ರೂ. 1.5 ಲಕ್ಷದವರೆಗೆ ನೆರವು ದೊರೆಯುತ್ತದೆ. ಆಧಾರ್ ಮತ್ತು ಪಡಿತರ ಚೀಟಿ ಕಡ್ಡಾಯವಾಗಿ ಜೊತೆಗಿರಲಿ. ತುರ್ತು ಸಂದರ್ಭವಲ್ಲದಿದ್ದಲ್ಲಿ ಖಾಸಗಿ ಆಸ್ಪತ್ರೆಗೆ ಹೋಗುವ ಮುನ್ನ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಪಡೆಯತಕ್ಕದ್ದು.

ಕೋಳಿ ಫಾರಂ ಕಾರ್ಮಿಕರು ತಿಳಿದಿರಬೇಕಾದ ಅಂಶವೊಂದಿದೆ. ಸಾವಯವ ಧೂಳಿನ ಸೇವನೆಯಿಂದ ಬರುವ ಗಾಳಿಚೀಲಗಳ ಅಲರ್ಜಿ ಉರಿಯೂತವು 1923ರ ನೌಕರರ ಪರಿಹಾರ ಕಾಯ್ದೆಯ ಮೂರನೆಯ ಅನುಸೂಚಿಯಲ್ಲಿ ಔದ್ಯೋಗಿಕ ಕಾಯಿಲೆಯಾಗಿ ಸೇರಿತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯ ಅನುಸೂಚಿಯಲ್ಲಿಯೂ ಸೇರಿದೆ. ಪರಿಹಾರ ಕೋರಲು ನಿಗದಿತ ಅವಧಿಯ ನಿರಂತರ ಸೇವೆ ರುಜುವಾತಾಗಬೇಕಾಗುತ್ತದೆ. ಆದುದರಿಂದ ಹಾಜರಿ, ಕೂಲಿ ಪಾವತಿಯ ದಾಖಲೆಗಳನ್ನು ಕಾಯ್ದಿಟ್ಟುಕೊಂಡು, ಆಸ್ಪತ್ರೆಯ ಚೀಟಿಯಲ್ಲಿ ಕಾಯಿಲೆಯ ಹೆಸರಿನ ಜೊತೆಗೆ ಕೆಲಸದ ಸ್ವರೂಪವನ್ನೂ ಬರೆಸಿಕೊಳ್ಳುವುದು. ಯಾವ ಫಾರಂಗಳಿಗೆ ಇದು ಅನ್ವಯಿಸುತ್ತದೆ ಎಂಬುದನ್ನು ಕಾರ್ಮಿಕ ಇಲಾಖೆಯ ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಬಹುದು. ಸ್ವಂತ ಮನೆಯಲ್ಲಿ ಕೋಳಿ ಸಾಕುವವರಿಗೆ ಈ ಪರಿಹಾರ ಅನ್ವಯಿಸುವುದಿಲ್ಲ.

ಅಂಗವಿಕಲರ ಗುರುತಿನ ಚೀಟಿಗಾಗಿ ಅರ್ಜಿ ಸಲ್ಲಿಸುವವರ ಗಮನಕ್ಕೆ: 2016ರ ಕಾಯ್ದೆಯ 21 ಬಗೆಯ ಅಂಗವಿಕಲತೆಗಳ ಪಟ್ಟಿಯಲ್ಲಿ ಶ್ವಾಸಕೋಶದ ಕಾಯಿಲೆಗಳು ಸೇರಿಲ್ಲ.