ಶಾಲೆಗೆ ಬಂದ ನಾಯಿಮೇಷ್ಟ್ರು

ಮಕ್ಕಳ ಶಾಲೆಯಿಂದ ಕೆಲವೊಮ್ಮೆ ಒಂದು ಚೀಟಿ ಬರುವುದುಂಟು. ಮುಂದಿನ ವಾರ ಪ್ರಾಣಿಗಳ ಶೆಲ್ಟರ್‌ನವರು ಒಂದು ನಾಯಿಯನ್ನು ತರಗತಿಗೆ ಕರೆತರುತ್ತಾರೆ, ಮಗುವಿಗೆ ಅಲರ್ಜಿ ಇದ್ದರೆ ತಿಳಿಸಿ ಎಂದು. ಬೀದಿನಾಯಿ ಕಂಡರೆ ಬಗ್ಗಿ ಕಲ್ಲು ಹುಡುಕುತ್ತ ಬೆಳೆದ ನಮ್ಮಂಥವರಿಗೆ ಇದು ವಿಚಿತ್ರವಾಗಿ ಕಂಡೀತು. ಆದರೆ ಅಮೆರಿಕದಲ್ಲಿ ಈ ಪದ್ಧತಿಯ ಬೇರುಗಳು ನೂರೈವತ್ತು ವರ್ಷ ಹಿಂದಕ್ಕೆ ಹೋಗುತ್ತವೆ, ಮೊದಲಿಗೆ ಕುದುರೆಗಳ ಬಳಿಗೆ.

1868ರಲ್ಲಿ ಬಾಸ್ಟನ್ ಬಳಿಯ ಬ್ರೈಟನ್‌ನಿಂದ ವೂಸ್ಟರ್‌ವರೆಗೆ, ಸುಮಾರು 40 ಮೈಲಿ ದೂರ, ಪಂದ್ಯ ಕಟ್ಟಿ ಎರಡು ಕುದುರೆಗಳನ್ನು ಓಡಿಸಿದರು. ಎರಡೂ ಸತ್ತವು. ಇದನ್ನು ಓದಿ ಕೆರಳಿದ ಜಾರ್ಜ್ ಏಂಜೆಲ್ ಎಂಬ ವಕೀಲರು ಅದೇ ವರ್ಷ ಮ್ಯಾಸಚೂಸೆಟ್ಸ್ ಪ್ರಾಣಿದಯಾ ಸಂಘವನ್ನು ಸ್ಥಾಪಿಸಿ, 'ಅವರ್ ಡಂಬ್ ಅನಿಮಲ್ಸ್' ಎಂಬ ಮಾಸಪತ್ರಿಕೆ ಹೊರಡಿಸಿದರು. ಮೊದಲ ಸಂಚಿಕೆಯ ಎರಡು ಲಕ್ಷ ಪ್ರತಿಗಳು ಅಚ್ಚಾದವು. ಬಾಸ್ಟನ್ ಪೊಲೀಸರೇ ಅದನ್ನು ಮನೆಮನೆಗೆ ಹಂಚಿದರಂತೆ. (ಅಂಚೆಚೀಟಿಯ ಖರ್ಚಿಗೆ ಪರದಾಡುವ ನಮ್ಮ ಸಂಪಾದಕ ಮಂಡಳಿ ಇದನ್ನು ಗಮನಿಸಬೇಕು!)

ದೊಡ್ಡವರನ್ನು ಕೋರ್ಟಿಗೆ ಎಳೆಯುವುದಕ್ಕಿಂತ ಮಕ್ಕಳನ್ನು ತಿದ್ದುವುದು ಮೇಲು ಎಂಬುದು ಏಂಜೆಲ್ ಅವರ ನಂಬಿಕೆ. ಇಂಗ್ಲೆಂಡಿನಲ್ಲಿ 1875ರಲ್ಲಿ ಕ್ಯಾಥರೀನ್ ಸ್ಮಿಥೀಸ್ ಎಂಬಾಕೆ 'ಬ್ಯಾಂಡ್ ಆಫ್ ಮರ್ಸಿ' ಎಂಬ ಮಕ್ಕಳ ದಯಾಸಂಘ ಶುರುಮಾಡಿದ್ದರು. 1882ರಲ್ಲಿ ಏಂಜೆಲ್ ಅದನ್ನು ಅಮೆರಿಕಕ್ಕೆ ತಂದರು. ಮಕ್ಕಳು ಪ್ರತಿಜ್ಞೆ ಮಾಡುವುದು, ಬ್ಯಾಡ್ಜ್ ಧರಿಸುವುದು, ಹಾಡು, ಕಥೆ. 1890ರಲ್ಲಿ ಕುದುರೆಯೇ ತನ್ನ ಕಥೆ ಹೇಳುವ 'ಬ್ಲ್ಯಾಕ್ ಬ್ಯೂಟಿ' ಕಾದಂಬರಿಯನ್ನು ಅಗ್ಗದ ಬೆಲೆಗೆ ಅಚ್ಚುಹಾಕಿಸಿ ಹಂಚಿದರು. 1915ರಲ್ಲಿ ಆರಂಭವಾದ ಪ್ರಾಣಿದಯಾ ಸಪ್ತಾಹ ಈಗಲೂ ಮೇ ತಿಂಗಳಲ್ಲಿ ನಡೆಯುತ್ತದೆ.

ಇವೆಲ್ಲ ಒಳ್ಳೆಯ ಕೆಲಸಗಳೇ. ಆದರೆ ಆ ಪಾಠದಲ್ಲಿ ಪ್ರಾಣಿ ಯಾವಾಗಲೂ ಪಾಪದ್ದು, ಮನುಷ್ಯ ಯಾವಾಗಲೂ ಕ್ರೂರಿ. ನಾಯಿಗೆ ಹಲ್ಲಿದೆ ಎಂಬ ವಿಷಯಕ್ಕೆ ಅದರಲ್ಲಿ ಹೆಚ್ಚು ಜಾಗವಿರಲಿಲ್ಲ ಎಂದು ನನ್ನ ಭಾವನೆ.

ಆಗಿನ ಬೀದಿನಾಯಿಗಳ ಗತಿ ಕೇಳಬಾರದು. ನ್ಯೂಯಾರ್ಕಿನಲ್ಲಿ ಹಿಡಿದ ನಾಯಿಗಳನ್ನು ದೊಡ್ಡಿಯಲ್ಲಿ ಕೂಡಿ, ಕಬ್ಬಿಣದ ಪಂಜರದಲ್ಲಿಟ್ಟು ಈಸ್ಟ್ ನದಿಯಲ್ಲಿ ಮುಳುಗಿಸುತ್ತಿದ್ದರು. ಬದಲಾವಣೆ ಬಂದದ್ದು ಫಿಲಡೆಲ್ಫಿಯಾದ ಹೆಂಗಸರಿಂದ. ಕ್ಯಾರೊಲಿನ್ ಅರ್ಲ್ ವೈಟ್ ಮತ್ತು ಅವರ ಗೆಳತಿಯರು 1869ರಲ್ಲಿ ಪ್ರಾಣಿದಯಾ ಸಂಘದ ಮಹಿಳಾ ಶಾಖೆ ಕಟ್ಟಿ, ದೊಡ್ಡಿಯ ಜಾಗದಲ್ಲಿ ಆಶ್ರಯಧಾಮ ನಡೆಸಿ, ನಾಯಿಗಳಿಗೆ ಹೊಸ ಮನೆ ಹುಡುಕತೊಡಗಿದರು. ಇಂದಿನ ಶೆಲ್ಟರ್‌ಗಳಿಗೆ ಅದೇ ಮೂಲ. ಮುಂದೆ ಶಾಲೆಗೆ ಬಂದ ನಾಯಿಗಳು ಇಂಥ ಮನೆಯಿಂದಲೇ ಬಂದವು.

ಶೆಲ್ಟರ್‌ಗೆ ಬಂದ ನಾಯಿಯೆಲ್ಲ ಮೇಷ್ಟ್ರಾಗುವುದಿಲ್ಲ. ಹೊಡೆತ ತಿಂದು ಹೆದರಿದ ನಾಯಿಯನ್ನು ಮಕ್ಕಳ ಗದ್ದಲಕ್ಕೆ ತಂದರೆ ಇಬ್ಬರಿಗೂ ಅಪಾಯ. ಶಾಂತ ಸ್ವಭಾವದ, ಲಸಿಕೆ ಹಾಕಿಸಿದ ಪ್ರಾಣಿಯನ್ನೇ ಆರಿಸಬೇಕು. ಇದನ್ನು ಯಾರು ಬಿಟ್ಟುಹೋದರು, ಯಾಕೆ ಎಂದು ಮಕ್ಕಳು ಕೇಳಿದಾಗ ಪಾಠ ತಾನಾಗಿಯೇ ಶುರುವಾಗುತ್ತದೆ: ನಾಯಿ ಹತ್ತು ಹದಿನೈದು ವರ್ಷ ಬದುಕುತ್ತದೆ, ಅಷ್ಟು ದಿನವೂ ಅದಕ್ಕೆ ಊಟ, ನೀರು, ತಿರುಗಾಟ, ಡಾಕ್ಟರು ಬೇಕು. ಆಮೇಲೆ ಸುರಕ್ಷತೆ. ಯಜಮಾನರನ್ನು ಕೇಳದೆ ಮುಟ್ಟಬೇಡ. ತಿನ್ನುವಾಗ, ಮಲಗಿದಾಗ, ಮರಿ ಜೊತೆಗಿರುವಾಗ ಹತ್ತಿರ ಹೋಗಬೇಡ. ಅಪರಿಚಿತ ನಾಯಿ ಬಂದರೆ ಓಡದೆ, ಕಿರುಚದೆ, ಮರದಂತೆ ನಿಂತುಬಿಡು.

ಇಂಥ ಪಾಠದಿಂದ ಪ್ರಯೋಜನವುಂಟೇ? ಆಸ್ಟ್ರೇಲಿಯಾದ ಸಿಡ್ನಿಯಲ್ಲಿ 8 ಶಾಲೆಗಳ ಏಳೆಂಟು ವರ್ಷದ ಮಕ್ಕಳ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 2000ದಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಅರ್ಧ ಶಾಲೆಗಳಲ್ಲಿ ಅರ್ಧ ಗಂಟೆಯ ಪಾಠ. ಕೆಲವು ದಿನಗಳ ನಂತರ ಎಲ್ಲ ಶಾಲೆಗಳ ಆಟದ ಮೈದಾನದಲ್ಲೂ ಒಂದು ಸಾಧು ಲ್ಯಾಬ್ರಡಾರ್ ನಾಯಿಯನ್ನು ಕಟ್ಟಿಹಾಕಿ, ಅದರ ಯಜಮಾನ ಕೆಲಸಗಾರನ ವೇಷದಲ್ಲಿ ದೂರ ನಿಂತ. ಪಾಠ ಕೇಳದ ಮಕ್ಕಳಲ್ಲಿ ನೂರಕ್ಕೆ 79 ಮಂದಿ ಹೋಗಿ ನಾಯಿಯನ್ನು ಸವರಿದರು. ಪಾಠ ಕೇಳಿದವರಲ್ಲಿ ನೂರಕ್ಕೆ 9 ಮಂದಿ ಮಾತ್ರ. ಅರ್ಧ ಗಂಟೆಗೆ ಇಷ್ಟು!

ನಮ್ಮ ಮನೆಗಳಿಗೆ ಇದರಲ್ಲಿ ಒಂದು ತೊಡಕಿದೆ. ಅಮೆರಿಕದಲ್ಲಿ ನಾಯಿಯಿಂದ ನಾಯಿಗೆ ಹರಡುವ ರೇಬೀಸ್ ನಿರ್ಮೂಲವಾಗಿದೆಯೆಂದು 2007ರಲ್ಲಿ ಘೋಷಿಸಲಾಯಿತು. ಇಲ್ಲಿ ಈಗ ಹೆದರಬೇಕಾದದ್ದು ಬಾವಲಿ, ರಕೂನ್, ಸ್ಕಂಕ್‌ಗಳಿಗೆ. ಭಾರತದಲ್ಲಿ ಹಾಗಲ್ಲ. ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು 59,000 ಜನ ರೇಬೀಸ್‌ನಿಂದ ಸಾಯುತ್ತಾರೆಂಬ ಅಂದಾಜಿದೆ. ಅದರಲ್ಲಿ ಮೂರನೇ ಒಂದು ಪಾಲು ಭಾರತದ್ದೇ, ನೂರಕ್ಕೆ ನಲವತ್ತರಷ್ಟು ಹದಿನೈದರೊಳಗಿನ ಮಕ್ಕಳು. ಇಲ್ಲಿ ಕಲಿತ ಮಗು ಬೇಸಿಗೆ ರಜೆಗೆ ಅಜ್ಜಿಯ ಊರಿಗೆ ಹೋಗಿ, ಬಾಗಿಲ ಮುಂದಿನ ನಾಯಿಯನ್ನು ಕಂಡು "ಇದನ್ನು ಮುಟ್ಟಬಹುದಾ?" ಎಂದು ಕೇಳಲು ಯಜಮಾನನನ್ನು ಹುಡುಕಿದರೆ ಅಲ್ಲಿ ಯಾರಿದ್ದಾರೆ? ಯಜಮಾನನಿಲ್ಲದ ನಾಯಿಯನ್ನು ದೂರದಿಂದಲೇ ನೋಡಬೇಕೆಂದು ವಿಮಾನ ಹತ್ತುವ ಮೊದಲೇ ಮಕ್ಕಳಿಗೆ ಬಿಡಿಸಿ ಹೇಳಿ. ಕಚ್ಚಿದರೆ, ಪರಚಿದರೂ ಸರಿ, ಮುಚ್ಚಿಡದೆ ಹೇಳಬೇಕೆಂಬುದನ್ನೂ. ಬೈಸಿಕೊಳ್ಳುವ ಹೆದರಿಕೆಗೆ ಬಾಯಿ ಬಿಡದ ಮಗುವಿಗೆ ಚಿಕಿತ್ಸೆ ಸಿಗುವುದಿಲ್ಲ.

ಗಾಯವನ್ನು ತಕ್ಷಣ ಸೋಪು ಹಾಕಿ ಹರಿಯುವ ನೀರಿನಲ್ಲಿ ಪೂರ್ತಿ ಹದಿನೈದು ನಿಮಿಷ ತೊಳೆಯಬೇಕು. ಅರಿಸಿನ, ಸುಣ್ಣ, ಖಾರದಪುಡಿ ಯಾವುದೂ ಬೇಡ. ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಎಂದು ನಮ್ಮನ್ನು ಹೆದರಿಸುತ್ತಿದ್ದರಲ್ಲ, ಕುರಿಯ ಮಿದುಳಿನಿಂದ ತಯಾರಿಸುತ್ತಿದ್ದ ಆ ಲಸಿಕೆಯನ್ನು ಭಾರತದಲ್ಲಿ 2004ರ ಕೊನೆಗೇ ನಿಲ್ಲಿಸಿದರು. ಈಗ ಕೊಡುವುದು ತೋಳಿಗೆ, ಕೆಲವೇ ಚುಚ್ಚುಮದ್ದು.