ಬಿಯರ್ ಅಂದ್ರೆ ಒಂದೇ ರುಚಿನಾ? (ಭಾಗ 3)

ಶಿಕಾರಿಪುರದಲ್ಲೋ ಸೊರಬದಲ್ಲೋ ವೈನ್ ಶಾಪಿಗೆ ಹೋಗಿ "ಒಂದು ಬಿಯರ್" ಅಂದ್ರೆ ಕೈಗೆ ಬರೋದು ತಿಳಿ ಹಳದಿ ಬಣ್ಣದ, ತಣ್ಣಗಿನ ಬಾಟಲಿ. ಲೇಬಲ್ ಹತ್ತಿರಬಹುದು, ಒಳಗಿರೋದು ಬಹುಪಾಲು ಒಂದೇ ಬಗೆ: ಲಾಗರ್. ಇದನ್ನ ಆರಿಸಿದ್ದು ನಮ್ಮ ನಾಲಿಗೆಯಲ್ಲ. ಪಲ್ಟನ್ನು ಮತ್ತು ಐಸ್ ಮಿಷಿನ್ನು.

(ವಯಸ್ಸಾಗದ ತಮ್ಮ ತಂಗಿಯರೇ, ನಿಮಗಿದು ಓದೋಕೆ ಮಾತ್ರ. ಇತಿಹಾಸಕ್ಕೆ ಐಡಿ ಕಾರ್ಡ್ ಬೇಡ.)

ನಿಮ್ಮ ಮನೆಯ ರಾಗಿ ಮಾಲ್ಟ್‌ನಿಂದಲೇ ಶುರು ಮಾಡಿ. ರಾಗಿ ನೆನೆಸಿ, ಬಟ್ಟೇಲಿ ಕಟ್ಟಿ, ಮೊಳಕೆ ಬಂದ ಮೇಲೆ ಒಣಗಿಸಿ ಹುರೀತಾರಲ್ಲ? ಬಾರ್ಲಿಗೂ ಹೆಚ್ಚುಕಡಿಮೆ ಅದೇ ಉಪಚಾರ. ಮೊಳಕೆಯ ಕಿಣ್ವಗಳು ಬಿಸಿನೀರಲ್ಲಿ ಪಿಷ್ಟವನ್ನು ಸಕ್ಕರೆ ಮಾಡ್ತವೆ. ಆ ಸಿಹಿರಸಕ್ಕೆ ಹಾಪ್ಸ್ ಅನ್ನೋ ಕಹಿ ಹೂವು ಹಾಕಿ ಕುದಿಸಿ, ಆರಿಸಿ, ಯೀಸ್ಟ್ ಬಿಟ್ಟರೆ ಬಿಯರ್. ಕಾಳು ಕಪ್ಪಾಗೋವರೆಗೆ ಹುರಿದರೆ ಕಾಫಿಯಂಥ ಕಹಿಯ ಸ್ಟೌಟ್. ಗೋಧಿ ಸೇರಿಸಿ, ಜರ್ಮನಿಯ ಒಂದು ಜಾತಿಯ ಯೀಸ್ಟ್ ಬಿಟ್ಟರೆ ಬಾಳೆಹಣ್ಣು, ಲವಂಗದ ವಾಸನೆ. ಬಾಳೆಹಣ್ಣೂ ಹಾಕಿರಲ್ಲ, ಲವಂಗಾನೂ ಹಾಕಿರಲ್ಲ, ಎಲ್ಲಾ ಯೀಸ್ಟ್ ಕರಾಮತ್ತು!

20 ಡಿಗ್ರಿ ಆಸುಪಾಸಿನಲ್ಲಿ ಕೆಲವೇ ದಿನಕ್ಕೆ ಹುದುಗೋದು ಏಲ್. ಲಾಗರ್‌ಗೆ 10 ಡಿಗ್ರಿ ಹತ್ತಿರದ ಚಳಿ ಬೇಕು, ಆಮೇಲೆ ವಾರಗಟ್ಟಲೆ ಇನ್ನೂ ತಣ್ಣಗೆ ಮಲಗಬೇಕು. ಜರ್ಮನ್‌ನಲ್ಲಿ ಲಾಗರ್ನ್ ಅಂದ್ರೇನೇ ಕೂಡಿಡೋದು. ಏಪ್ರಿಲ್‌ನಲ್ಲಿ ಅಂಬ್ಲಿಗೊಳ ಡ್ಯಾಮ್ ಏರಿ ಮೇಲೆ ನಿಂತವರಿಗೆ ಗೊತ್ತು, ಅಂಥ ಚಳಿ ನಮ್ಮ ಹಣೇಲಿ ಬರೆದಿಲ್ಲ.

ಹಾಗಾಗಿ ಕಂಪನಿ ಕಾಲದಲ್ಲಿ ಇಲ್ಲಿಗೆ ಬಂದದ್ದು ಏಲ್ ಮತ್ತು ಕಪ್ಪು ಪೋರ್ಟರ್, ಹಡಗಿನಲ್ಲಿ, ತಿಂಗಳುಗಟ್ಟಲೆ. ಇಂಡಿಯಾ ಪೇಲ್ ಏಲ್ ಅನ್ನ ಈ ಪ್ರಯಾಣಕ್ಕಂತಲೇ ಒಬ್ಬರು ಕಂಡುಹಿಡಿದರು ಅನ್ನೋ ಕತೆ ರೀಲ್ಸ್‌ನಲ್ಲಿ ಓಡ್ತಿದೆ, ನಂಬಬೇಡಿ. ಹಾಪ್ಸ್ ಜಾಸ್ತಿ ಹಾಕಿದ್ರೆ ಬೇಗ ಕೆಡಲ್ಲ ಅನ್ನೋದು ಅವರಿಗೆ ಮೊದಲೇ ಗೊತ್ತಿತ್ತು. ಲಂಡನ್ನಿನ ಹಾಡ್ಜ್‌ಸನ್ ಬ್ರೂವರಿ ಹಡಗುಕಟ್ಟೆಯ ಪಕ್ಕದಲ್ಲಿತ್ತು, ಸಾಲಾನೂ ಕೊಡ್ತಿತ್ತು. ವ್ಯಾಪಾರ ಕುದುರಿತು.

1842ರಲ್ಲಿ ಬೊಹೀಮಿಯಾದ ಪಿಲ್ಸೆನ್ ಊರಲ್ಲಿ ಹೊಂಬಣ್ಣದ ಲಾಗರ್ ಬಂತು. 1870ರ ದಶಕದಲ್ಲಿ ಕಾರ್ಲ್ ಫಾನ್ ಲಿಂಡೆಯ ತಂಪುಯಂತ್ರ ಬಂದ ಮೇಲೆ ಅದನ್ನ ಸೆಖೆ ನಾಡಲ್ಲೂ ಮಾಡೋ ಹಾಗಾಯ್ತು. 1915ರಲ್ಲಿ ಥಾಮಸ್ ಲೀಶ್‌ಮನ್ ದಕ್ಷಿಣದ ಐದು ಬ್ರೂವರಿ ಕೂಡಿಸಿ ಯುನೈಟೆಡ್ ಬ್ರೂವರೀಸ್ ಕಟ್ಟಿದ. ಗಿರಾಕಿ ಬ್ರಿಟಿಷ್ ಸೈನಿಕರು, ಪೀಪಾಯಿ ಹೊತ್ತದ್ದು ಎತ್ತಿನಗಾಡಿ. 1947ರಲ್ಲಿ ವಿಠಲ್ ಮಲ್ಯ ನಿರ್ದೇಶಕರಾದರು, 1978ರಲ್ಲಿ ಕಿಂಗ್‌ಫಿಷರ್ ಲಾಗರ್ ಬಂತು. ಬೆಂಗಳೂರಿನ ಯುಬಿ ಸಿಟಿ ನಿಂತಿರೋದು ಹಳೇ ಬ್ರೂವರಿ ಜಾಗದಲ್ಲೇ. ಗೋಧಿ ಬಿಯರ್, ಸ್ಟೌಟ್ ಅಲ್ಲೇ ಕುದಿಸಿ ಕೊಡೋ ಸಣ್ಣ ಬ್ರೂವರಿಗಳು ಆ ಊರಲ್ಲಿ ಶುರುವಾಗಿದ್ದು 2010ರ ನಂತರ. ಹೋದ್ರೆ ದೊಡ್ಡ ಮಗ್ ಬೇಡ, ಸಣ್ಣ ಲೋಟಗಳ ಟೇಸ್ಟರ್ ಕೇಳಿ. ತಿಳಿಯದರಿಂದ ಕಪ್ಪಿನ ಕಡೆಗೆ ಹೋಗಿ. ಕುಡಿಯೋಕೆ ಮುಂಚೆ ಮೂಸಿ.

ಈಗ ನನ್ನ ತಕರಾರು. ಸೊರಬ, ಸಾಗರದ ಕಡೆ ದೀವರ ಹಿರಿಯರು ಬಗನಿ ಮರದಿಂದ ಹೆಂಡ ಇಳಿಸ್ತಿದ್ರು. ಬಾರ್ಲಿ ಬೇಡ, ಐಸ್ ಬೇಡ, ಬೆಳಗಿನ ಸಿಹಿ ಸಂಜೆಗೆ ತಾನೇ ಹುಳಿ. ಬಾಟಲಿಯಲ್ಲಿ ಕಾದು ಕೂರೋ ಸ್ವಭಾವ ಅದಕ್ಕಿಲ್ಲ. ಪಿಲ್ಸೆನ್ ರುಚಿ ಬಗ್ಗೆ ಪುಸ್ತಕಗಳೇ ಇವೆ. ಇದರ ರುಚಿ ಇರೋದು ಕೆಲವು ಅಜ್ಜಂದಿರ ನೆನಪಲ್ಲಿ ಮಾತ್ರ. ಈ ವಾರ ಮನೆಗೆ ಹೋದಾಗ ಕೇಳಿ: ಹುಳಿ ಎಷ್ಟಿತ್ತು, ವಾಸನೆ ಯಾವ ಥರ, ಯಾವ ತಿಂಗಳದ್ದು ಚೆನ್ನಾಗಿರ್ತಿತ್ತು? ಅವರ ಮಾತಲ್ಲೇ ಕಾಮೆಂಟ್‌ಗೆ ಹಾಕಿ. ಭಾಗ 4 ಅದರಿಂದಲೇ ಬರೀತೀನಿ.