ಮೊದಲ ಹೂ ಕಂಡ ದಿನ: ತರಗತಿಯ ಋತುಪಾಠದ ಹಿಂದಿನ ಚರಿತ್ರೆ

ಕೆಲವು ವರ್ಷಗಳ ಹಿಂದೆ, ಅಕ್ಟೋಬರ್ ತಿಂಗಳ ನಡುವಿನಲ್ಲಿ, ಮಕ್ಕಳ ಕಾರ್ಯಕ್ರಮವೊಂದರ ಚಿತ್ರೀಕರಣಕ್ಕಾಗಿ ಚಿತ್ರದುರ್ಗ ಜಿಲ್ಲೆಯ ಒಂದು ಹಳ್ಳಿಯ ಪ್ರಾಥಮಿಕ ಶಾಲೆಗೆ ಹೋಗಿದ್ದೆವು. ನಾಲ್ಕನೆಯ ತರಗತಿಯ ಗೋಡೆಯ ಮೇಲೆ ಋತುಗಳ ಪಟವೊಂದು ತೂಗುತ್ತಿತ್ತು. ಜೂನ್‌ನಿಂದ ಸೆಪ್ಟೆಂಬರ್ ಮಳೆಗಾಲ, ಅಕ್ಟೋಬರ್‌ನಿಂದ ಜನವರಿ ಚಳಿಗಾಲ, ಫೆಬ್ರವರಿಯಿಂದ ಮೇ ಬೇಸಿಗೆ. ಮಳೆಗಾಲಕ್ಕೆ ಕೊಡೆ ಹಿಡಿದ ಹುಡುಗಿ, ಚಳಿಗಾಲಕ್ಕೆ ಶಾಲು ಹೊದ್ದು ಬೆಂಕಿ ಕಾಯಿಸುವ ಮುದುಕ. ಕ್ಯಾಮೆರಾ ತಿರುಗತೊಡಗಿತು. ‘ಈಗ ಯಾವ ಕಾಲ?’ ಎಂದು ಕೇಳಿದೆ. ‘ಚಳಿಗಾಲ ಸಾರ್’ ಎಂದು ಇಡೀ ತರಗತಿ ಒಂದೇ ದನಿಯಲ್ಲಿ ಹೇಳಿತು. ಆ ಹೊತ್ತಿಗೆ ಸರಿಯಾಗಿ ಗುಡುಗು ಮೊಳಗಿ, ತಗಡಿನ ಮಾಡಿನ ಮೇಲೆ ಮಳೆ ಎಷ್ಟು ಜೋರಾಗಿ ಸುರಿಯಿತೆಂದರೆ, ಧ್ವನಿಮುದ್ರಣದ ಗೆಳೆಯರು ಕಿವಿಯ ಮೇಲಿನ ಹೆಡ್‌ಫೋನ್ ತೆಗೆದಿಟ್ಟು ನಗತೊಡಗಿದರು. ಮಕ್ಕಳು ಮಾತ್ರ ನಗಲಿಲ್ಲ. ಅವರ ಉತ್ತರ ಸರಿಯಾಗಿಯೇ ಇತ್ತು, ಪಟದ ಪ್ರಕಾರ.

ಮಳೆ ನಿಲ್ಲಲೆಂದು ಜಗುಲಿಯ ಮೇಲೆ ಕಾಯುತ್ತಿದ್ದಾಗ, ಹಿಂದಿನ ಸಾಲಿನಲ್ಲಿ ಕೂತಿದ್ದ ಹುಡುಗನೊಬ್ಬ ಮೆಲ್ಲನೆ ಹೇಳಿದ: ‘ಇದು ಚಿತ್ತೆ ಮಳೆ. ಮೂರು ದಿನ ಹಿಂಗೇ ಹಿಡಿದರೆ ಶೇಂಗಾ ನೆಲದಾಗೇ ಮೊಳಕೆ ಒಡೀತದೆ.’ ಅವನ ಅಜ್ಜ ಹೇಳಿದ್ದಂತೆ. ಅದು ನಿಜವೂ ಹೌದು. ಗೊಂಚಲು ಜಾತಿಯ ಶೇಂಗಾ ಬೀಜಕ್ಕೆ ಸುಪ್ತಾವಸ್ಥೆ ಇಲ್ಲ. ಬಲಿತ ಮೇಲೆ ತೇವ ಸಿಕ್ಕಿದರೆ ಅದು ನೆಲದೊಳಗೇ ಚಿಗುರುತ್ತದೆ, ಬೆಳೆ ಹಾಳಾಗುತ್ತದೆ. ಹತ್ತು ವರ್ಷದ ಆ ಹುಡುಗನಿಗೆ ಋತುವಿನ ಬಗ್ಗೆ ಎರಡು ತಿಳಿವಳಿಕೆಗಳಿದ್ದವು: ಒಂದು ತರಗತಿಯ ಒಳಗೆ ಹೇಳುವುದಕ್ಕೆ, ಇನ್ನೊಂದು ಜಗುಲಿಯ ಮೇಲೆ. ಈ ಎರಡನ್ನೂ ಒಂದೇ ಪುಸ್ತಕದಲ್ಲಿ ಬರೆದುಕೊಳ್ಳುವ ಪಾಠ ಎಲ್ಲಿಯಾದರೂ ನಡೆದಿತ್ತೇ ಎಂಬ ಕುತೂಹಲದಿಂದ ಓದಲು ಹೊರಟವನಿಗೆ ಸಿಕ್ಕಿದ ಸಂಗತಿಗಳೇ ಈ ಲೇಖನ. ಅರ್ಧ ಗಂಟೆಯ ಮಾತುಕತೆಯಲ್ಲಿ ಇವೆಲ್ಲ ಹಿಡಿಸುವುದಿಲ್ಲ.

ಮೊದಲು ನಮ್ಮ ಪಟದ ಕಷ್ಟವನ್ನೇ ನೋಡೋಣ. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಚಳ್ಳಕೆರೆಯ ಕಡೆ ಐನೂರರ ಆಸುಪಾಸು. ಕರಾವಳಿಯ ಮಗು ಜೂನ್‌ನಲ್ಲಿ ಕೊಡೆಯಿಲ್ಲದೆ ಶಾಲೆಗೆ ಹೋಗಲಾರದು. ದಕ್ಷಿಣ ಒಳನಾಡಿನ ಬಯಲುಸೀಮೆಗಾದರೋ ಸೆಪ್ಟೆಂಬರ್–ಅಕ್ಟೋಬರಿನ ಮಳೆಯೇ ದೊಡ್ಡದು. ಎರಡೂ ಕಡೆ ಪಟ ಮಾತ್ರ ಒಂದೇ. ನಮ್ಮ ಹಿರಿಯರು ವರ್ಷವನ್ನು ವಸಂತದಿಂದ ಶಿಶಿರದವರೆಗೆ ಆರು ಋತುಗಳಾಗಿ ವಿಂಗಡಿಸಿದರು, ರೈತರು ಮಳೆಯನ್ನು ನಕ್ಷತ್ರಗಳ ಹೆಸರಿನಲ್ಲಿ ಎರಡು ವಾರದಷ್ಟು ಸಣ್ಣ ತುಂಡುಗಳಾಗಿ ಎಣಿಸಿದರು. ಶಾಲೆಗೆ ಬಂದದ್ದು ಮೂರೇ ತುಂಡು. ಅದಕ್ಕೂ ಮುಂಚೆ ಇಂಗ್ಲಿಷ್ ವಾಚಕಗಳ ಮೂಲಕ ಹಿಮದ ಚಳಿಗಾಲ, ಎಲೆ ಉದುರುವ ಶರತ್ಕಾಲಗಳೂ ಬಂದಿದ್ದವು. ಹಿಮವನ್ನೇ ಕಾಣದ ಮಕ್ಕಳು ಅದನ್ನು ಬಾಯಿಪಾಠ ಮಾಡಿದರು.

ವಿಚಿತ್ರವೆಂದರೆ, ಋತುವನ್ನು ಪುಸ್ತಕದಿಂದ ಬಿಡಿಸಿ ಹೊರಗೆ ಒಯ್ಯಬೇಕೆಂಬ ಚಳವಳಿ ಬಲವಾಗಿ ಎದ್ದದ್ದು ಆ ಹಿಮದ ನಾಡುಗಳಲ್ಲೇ. ಅಮೆರಿಕದಲ್ಲಿ ನೆಲೆಸಿದ್ದ ಸ್ವಿಸ್ ವಿಜ್ಞಾನಿ ಲೂಯಿ ಅಗಾಸಿ 1873ರ ಬೇಸಿಗೆಯಲ್ಲಿ ಪೆನಿಕೀಸ್ ಎಂಬ ಪುಟ್ಟ ದ್ವೀಪದಲ್ಲಿ ಉಪಾಧ್ಯಾಯರಿಗಾಗಿ ಶಿಬಿರ ನಡೆಸಿ, ಪುಸ್ತಕವನ್ನಲ್ಲ, ಪ್ರಕೃತಿಯನ್ನೇ ಓದಬೇಕೆಂದು ಕಲಿಸಿದ. ಶಿಕಾಗೋ ಬಳಿಯ ಉಪಾಧ್ಯಾಯರ ತರಬೇತಿ ಶಾಲೆಯಲ್ಲಿದ್ದ ವಿಲ್ಬರ್ ಜಾಕ್‌ಮನ್ 1891ರಲ್ಲಿ ಸಾಮಾನ್ಯ ಶಾಲೆಗಳಿಗಾಗಿ ಪ್ರಕೃತಿಪಾಠದ ಪುಸ್ತಕ ಬರೆದಾಗ ಅಧ್ಯಾಯಗಳನ್ನು ‘ಸಸ್ಯ’, ‘ಪ್ರಾಣಿ’ ಎಂದು ವಿಂಗಡಿಸಲಿಲ್ಲ, ತಿಂಗಳುಗಳಾಗಿ ಜೋಡಿಸಿದ. ಸೆಪ್ಟೆಂಬರಿನಲ್ಲಿ ಅಲ್ಲಿ ಶಾಲೆ ಶುರು, ಪುಸ್ತಕವೂ ಅಲ್ಲಿಂದಲೇ ಶುರು.

ಇದಕ್ಕೆ ಒಂದು ಆರ್ಥಿಕ ಕಾರಣವೂ ಸೇರಿಕೊಂಡಿತು. 1890ರ ದಶಕದಲ್ಲಿ ಅಮೆರಿಕದ ಕೃಷಿ ಕುಸಿದು, ಹಳ್ಳಿಯವರು ನ್ಯೂಯಾರ್ಕ್ ನಗರಕ್ಕೆ ಗುಳೆ ಬರತೊಡಗಿದರು. ಮಕ್ಕಳಿಗೆ ತಮ್ಮ ಹೊಲದ ಬಗ್ಗೆ ಆಸಕ್ತಿ ಹುಟ್ಟಿಸಿದರೆ ಅವರು ಊರು ಬಿಡಲಾರರು ಎಂದು ಕೆಲವರು ನಂಬಿದರು. ಕಾರ್ನೆಲ್ ವಿಶ್ವವಿದ್ಯಾನಿಲಯದ ಲಿಬರ್ಟಿ ಹೈಡ್ ಬೈಲಿ ಆ ಕೆಲಸಕ್ಕೆ ನಿಂತ. ಹಳ್ಳಿಯ ಉಪಾಧ್ಯಾಯರಿಗೆ ಋತುವಿಗೆ ತಕ್ಕ ಕರಪತ್ರಗಳು ಹೋದವು. ಅವನ್ನು ಬರೆದವರಲ್ಲಿ ಮುಖ್ಯಳು ಆನಾ ಬಾಟ್ಸ್‌ಫರ್ಡ್ ಕಾಮ್‌ಸ್ಟಾಕ್. 1899ರಲ್ಲಿ ಅವಳಿಗೆ ಸಹಾಯಕ ಪ್ರಾಧ್ಯಾಪಕಳ ಹುದ್ದೆ ಕೊಟ್ಟು, ಹೆಂಗಸೆಂಬ ಕಾರಣಕ್ಕೆ ಆಡಳಿತ ಮಂಡಲಿ ತಕರಾರು ತೆಗೆದದ್ದರಿಂದ ಹೆಸರನ್ನು ಇಳಿಸಲಾಯಿತು. ಕೆಲಸ ಮಾತ್ರ ಅದೇ. 1911ರಲ್ಲಿ ಅವಳು ಹೊರತಂದ ಪ್ರಕೃತಿ ಅಧ್ಯಯನದ ಕೈಪಿಡಿ ಇಪ್ಪತ್ತಕ್ಕೂ ಹೆಚ್ಚು ಮುದ್ರಣ ಕಂಡಿತು. ಮಕ್ಕಳು ಊರು ಬಿಡುವುದನ್ನು ಪಾಠಗಳು ತಡೆಯಲಿಲ್ಲವೆಂಬುದು ಬೇರೆ ಮಾತು. ಗುಳೆ ಹೋಗುವವರು ಹೊಲದ ಮೇಲೆ ಪ್ರೀತಿ ಇಲ್ಲದೆ ಹೋಗುತ್ತಾರೆಂದು ತಿಳಿದದ್ದೇ ತಪ್ಪು.

ಈ ಚಳವಳಿಯ ಬಹುಪಾಲು ಇಂದು ಗ್ರಂಥಾಲಯಗಳಲ್ಲಿ ಧೂಳು ಹಿಡಿದಿದೆ. ಹಕ್ಕಿಗೆ ಮನುಷ್ಯರ ಭಾವನೆಗಳನ್ನು ಅಂಟಿಸುವ, ಹೂವಿನ ಮೇಲೆ ಪದ್ಯ ಓದಿಸುವ ಪಾಠಗಳಾಗಿ ಅದು ಎಷ್ಟೋ ಕಡೆ ತೆಳುವಾಯಿತು. 1920ರ ದಶಕದ ಹೊತ್ತಿಗೆ ಅದರ ಜಾಗಕ್ಕೆ ‘ಪ್ರಾಥಮಿಕ ವಿಜ್ಞಾನ’ ಬಂದಿತು. ಆದರೆ ಒಂದು ಮೂಲೆಯಲ್ಲಿ ಅದು ಬೇರೆಯೇ ದಾರಿ ಹಿಡಿದಿತ್ತು. ನಾನು ನಿಮಗೆ ನಿಜವಾಗಿ ಹೇಳಬೇಕೆಂದಿರುವುದು ಆ ಕಥೆಯನ್ನು.

ಕೆನಡಾದ ಪೂರ್ವ ತುದಿಯಲ್ಲಿ, ಅಟ್ಲಾಂಟಿಕ್ ಸಾಗರಕ್ಕೆ ಚಾಚಿದ ನೋವಾ ಸ್ಕೋಷಿಯಾ ಎಂಬ ಪ್ರಾಂತ್ಯವಿದೆ. ವಿಸ್ತೀರ್ಣ ಸುಮಾರು 55,000 ಚದರ ಕಿಲೋಮೀಟರ್, ನಮ್ಮ ರಾಜ್ಯದ ಮೂರನೆಯ ಒಂದು ಪಾಲಿಗಿಂತ ಕಡಿಮೆ. 1891ರಿಂದ ಅಲ್ಲಿನ ಶಿಕ್ಷಣ ಇಲಾಖೆಯ ಮುಖ್ಯಸ್ಥನಾಗಿದ್ದವನು ಅಲೆಕ್ಸಾಂಡರ್ ಹೋವರ್ಡ್ ಮೆಕೇ. ಹಿಂದೆ ಶಾಲಾ ಮಾಸ್ತರನಾಗಿದ್ದವನು, ಸ್ವತಃ ನಿಸರ್ಗ ವಿಜ್ಞಾನಿ. 1897ರಿಂದ ಅವನು ಪ್ರಾಂತ್ಯದ ಶಾಲೆಗಳಿಗೆ ಒಂದು ಅಚ್ಚು ಹಾಕಿದ ನಮೂನೆ ಕಳುಹಿಸತೊಡಗಿದ. ಅದರಲ್ಲಿ ಇನ್ನೂರರ ಆಸುಪಾಸು ಸಂಗತಿಗಳು. ಯಾವ ಗಿಡದ ಹೂ ಮೊದಲು ಅರಳಿತು, ಕಪ್ಪೆ ಮೊದಲು ಕೂಗಿದ್ದು ಯಾವಾಗ, ಕಾಡುಬಾತುಗಳು ಉತ್ತರಕ್ಕೆ ಹಾರಿದ್ದು ಯಾವಾಗ, ಉಳುಮೆ ಯಾವಾಗ ಶುರುವಾಯಿತು, ಆಲೂಗೆಡ್ಡೆ ನೆಟ್ಟಿದ್ದು, ಹುಲ್ಲು ಕೊಯ್ದಿದ್ದು, ಕೊನೆಯ ಹಿಮ, ಗುಡುಗು. ಎದುರಿಗೆ ಎರಡು ಕಲಂ: ‘ಮೊದಲು ಕಂಡದ್ದು’, ‘ಎಲ್ಲೆಡೆ ಕಾಣತೊಡಗಿದ್ದು’.

ಈ ಎರಡು ಕಲಮುಗಳಲ್ಲಿ ಎಷ್ಟು ವಿವೇಕವಿದೆ ನೋಡಿ. ಬಿಸಿಲು ಬೀಳುವ ಗೋಡೆಯ ಮಗ್ಗುಲಲ್ಲಿ ಒಂದು ಗಿಡ ಅವಸರಪಟ್ಟು ಹೂ ಬಿಡಬಹುದು. ಅದು ಋತುವಲ್ಲ, ಅಪವಾದ. ಹತ್ತು ಕಡೆ ಹೂ ಕಂಡಾಗ ಋತು ಬಂದಿದೆ. ಅಪವಾದವನ್ನೂ ಬರೆದುಕೊಂಡು, ಅದನ್ನು ಋತುವಿನೊಡನೆ ಬೆರೆಸದಿರಲು ಮಕ್ಕಳಿಗೆ ಎರಡು ಗೆರೆಗಳೇ ಸಾಕಾದವು. ಇನ್ನೊಂದು ಉಪಾಯ: ತಾರೀಖನ್ನು ತಿಂಗಳು-ದಿನವಾಗಿ ಬರೆಯದೆ ವರ್ಷದ ಎಷ್ಟನೆಯ ದಿನವೆಂದು ಬರೆಯುವುದು. ಏಪ್ರಿಲ್ 30 ಎಂದರೆ 120. ಆಗ ಬೇರೆ ಬೇರೆ ಶಾಲೆಗಳ ದಿನಗಳನ್ನು ಕೂಡಿ ಭಾಗಿಸಿ ಸರಾಸರಿ ತೆಗೆಯುವುದು ನಾಲ್ಕನೆಯ ತರಗತಿಯ ಲೆಕ್ಕವಾಗುತ್ತದೆ. ನಾನು ಪದವಿಯಲ್ಲಿ ಭೌತಶಾಸ್ತ್ರ ಓದಿದವನು. ಪ್ರಯೋಗಾಲಯದಲ್ಲಿ ಮೂರು ವರ್ಷ ವಾಚನಗಳನ್ನು ಬರೆದಿದ್ದೇನೆ, ಆದರೆ ದೋಷವನ್ನು ಹೇಗೆ ನಿಭಾಯಿಸಬೇಕೆಂಬುದನ್ನು ಇಷ್ಟು ಸರಳವಾಗಿ ಯಾರೂ ನನಗೆ ತೋರಿಸಿರಲಿಲ್ಲ.

ಶಾಲೆಯೇ ಇಲ್ಲಿ ಉಪಕರಣ. ಒಬ್ಬ ವಿಜ್ಞಾನಿ ಒಂದು ಬೆಳಿಗ್ಗೆ ಒಂದು ದಾರಿಯಲ್ಲಿ ನಡೆಯಬಲ್ಲ. ಮೂವತ್ತು ಮಕ್ಕಳು ಮೂವತ್ತು ಮನೆಗಳಿಂದ, ತೋಟ, ಹಳ್ಳ, ದಿಣ್ಣೆಗಳನ್ನು ಹಾದು, ದಿನಕ್ಕೆ ಎರಡು ಸಲ ನಡೆಯುತ್ತಾರೆ. ಹೂ ಕಂಡ ಮಗು ಅದನ್ನು ಉಪಾಧ್ಯಾಯರಿಗೆ ತೋರಿಸಬೇಕು, ಅವರು ಪರೀಕ್ಷಿಸಿ ಬರೆಯಬೇಕು. ವರ್ಷದ ಕೊನೆಗೆ ನಮೂನೆ ರಾಜಧಾನಿ ಹ್ಯಾಲಿಫ್ಯಾಕ್ಸಿಗೆ ಹೋಗಬೇಕು. ಕರಾವಳಿ ಮತ್ತು ಒಳನಾಡು ಬೆರೆಯದಂತೆ ಮೆಕೇ ಪ್ರಾಂತ್ಯವನ್ನು ವಲಯಗಳಾಗಿ ವಿಂಗಡಿಸಿ ಪ್ರತಿಯೊಂದಕ್ಕೂ ಬೇರೆ ಸರಾಸರಿ ತೆಗೆದ. ಚಳ್ಳಕೆರೆಗೂ ಆಗುಂಬೆಗೂ ಒಂದೇ ಪಟ ತೂಗುಹಾಕುವ ತಪ್ಪನ್ನು ಅವನು ಮಾಡಲಿಲ್ಲ ಎಂದರ್ಥ. ಫಲಿತಾಂಶ ಶಿಕ್ಷಣ ಇಲಾಖೆಯ ಪತ್ರಿಕೆಯಲ್ಲಿ ಅಚ್ಚಾಗಿ ಮತ್ತೆ ಶಾಲೆಗಳಿಗೇ ಬರುತ್ತಿತ್ತು. ತಾವು ಬರೆದ ಅಂಕಿ ಪ್ರಾಂತ್ಯದ ಲೆಕ್ಕಕ್ಕೆ ಸೇರಿದ್ದನ್ನು ಮಕ್ಕಳು ಕಾಣಬಹುದಿತ್ತು.

ಹೀಗೆ 1923ರವರೆಗೆ, 27 ವರ್ಷ ನಡೆಯಿತು. ನೂರಾರು ಶಾಲೆಗಳ ನಮೂನೆಗಳನ್ನು ದಪ್ಪ ಸಂಪುಟಗಳಾಗಿ ಹೊಲಿಸಿ ಇಡಲಾಯಿತು. ಮೆಕೇ 1929ರಲ್ಲಿ ತೀರಿಕೊಂಡ. ಸಂಪುಟಗಳು ಹ್ಯಾಲಿಫ್ಯಾಕ್ಸಿನ ವಸ್ತುಸಂಗ್ರಹಾಲಯ ಸೇರಿದವು. ಭೂಮಿಯ ಉಷ್ಣತೆ ಏರುತ್ತಿದೆ ಎಂಬ ಚರ್ಚೆ ಗಟ್ಟಿಯಾದ ಮೇಲೆ, 20ನೆಯ ಶತಮಾನದ ಕೊನೆಯ ಹೊತ್ತಿಗೆ, ವಿಜ್ಞಾನಿಗಳು ಅವನ್ನು ಮತ್ತೆ ಬಿಡಿಸಿದರು. ನೂರು ವರ್ಷದ ಹಿಂದೆ ಇದೇ ಊರಿನಲ್ಲಿ, ಇದೇ ಗಿಡ, ಯಾವ ದಿನ ಅರಳಿತ್ತು? ಉತ್ತರ ಮಕ್ಕಳು ಬರೆಸಿದ ಕಾಗದದಲ್ಲಿತ್ತು. ಅಲ್ಲಿನ ಶಾಲೆಗಳಲ್ಲಿ ವೀಕ್ಷಣೆಯನ್ನು ಮತ್ತೆ ಆರಂಭಿಸುವ ಪ್ರಯತ್ನವೂ ನಡೆಯಿತು. ‘ಸಾವಿರ ಕಣ್ಣುಗಳು’ ಎಂದು ಅದಕ್ಕೆ ಹೆಸರಿಟ್ಟರು.

ಭಾರತದಲ್ಲಿ ಏನಾಯಿತು? ಋತುವನ್ನು ಶಾಲೆಗೆ ತಂದವರು ನಮ್ಮಲ್ಲೂ ದೊಡ್ಡವರೇ. ರವೀಂದ್ರನಾಥ ಠಾಕೂರರು 1901ರಲ್ಲಿ ಶಾಂತಿನಿಕೇತನದ ಶಾಲೆ ಆರಂಭಿಸಿ ತರಗತಿಗಳನ್ನು ಮರದ ಕೆಳಗೆ ಕೂರಿಸಿದರು. ಮಳೆಗೊಂದು ಹಬ್ಬ, ವಸಂತಕ್ಕೊಂದು ಹಬ್ಬ ಮಾಡಿದರು. 1928ರ ಮಳೆಗಾಲದಲ್ಲಿ ಅಲ್ಲಿ ಸಸಿ ನೆಡುವ ವೃಕ್ಷಾರೋಪಣ, ಪಕ್ಕದ ಶ್ರೀನಿಕೇತನದಲ್ಲಿ ನೇಗಿಲು ಹೂಡುವ ಹಲಕರ್ಷಣ ಆರಂಭವಾದವು. ಕನ್ನಡದಲ್ಲಿ ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳೊಡನೆ ಪ್ರಯೋಗ ನಡೆಸಿದರು, 1930ರ ದಶಕದಲ್ಲಿ ‘ಬಾಲಪ್ರಪಂಚ’ದ ಸಂಪುಟಗಳನ್ನು ಬರೆದರು. ಇವೆಲ್ಲ ಮನಸ್ಸನ್ನು ತೆರೆದ ಕೆಲಸಗಳು. ಆದರೆ ಹಾಡಿದ, ಕುಣಿದ, ನೆಟ್ಟ ಮಕ್ಕಳು ಆ ವರ್ಷ ಮೊದಲ ಮಳೆ ಯಾವ ದಿನ ಬಂದಿತೆಂದು ಬರೆದಿಡುವ ರೂಢಿ ನಮ್ಮಲ್ಲಿ ಬೆಳೆಯಲಿಲ್ಲ.

ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯಲ್ಲಿ 1972ರಲ್ಲಿ ಹದಿನಾರು ಮಾಧ್ಯಮಿಕ ಶಾಲೆಗಳಲ್ಲಿ ಶುರುವಾದ ವಿಜ್ಞಾನ ಶಿಕ್ಷಣ ಕಾರ್ಯಕ್ರಮ ಈ ದಿಕ್ಕಿನಲ್ಲಿ ಗಂಭೀರವಾಗಿ ನಡೆಯಿತು. ಮಕ್ಕಳು ಹೊಲಕ್ಕೆ ಹೋಗಿ ಬೆಳೆ ನೋಡಿದರು, ಪ್ರಯೋಗ ಮಾಡಿ ತಾವೇ ಉತ್ತರ ಬರೆದರು. ಸರ್ಕಾರ 2002ರಲ್ಲಿ ಅದನ್ನು ನಿಲ್ಲಿಸಿತು. ಮೂವತ್ತು ವರ್ಷ ನಡೆದದ್ದು ಒಂದು ಆದೇಶಕ್ಕೆ ನಿಂತಿತು.

ದೂರದರ್ಶನದ ಕೆಲಸದಲ್ಲಿರುವ ನಾನು ಬೇರೆಯವರತ್ತ ಬೆರಳು ತೋರಿ ತಪ್ಪಿಸಿಕೊಳ್ಳುವಂತಿಲ್ಲ. 1975ರ ಆಗಸ್ಟ್‌ನಿಂದ ಒಂದು ವರ್ಷ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮಗಳು ಹೋದವು. ಉತ್ತರ ಕರ್ನಾಟಕದ ಹಳ್ಳಿಗಳೂ ಅದರಲ್ಲಿದ್ದವು. ಬೆಳಿಗ್ಗೆ ಶಾಲಾ ಮಕ್ಕಳಿಗೆಂದೇ ಪಾಠಗಳಿರುತ್ತಿದ್ದವು. ಅದೊಂದು ಸಾಹಸವೇ. ಆದರೆ ಮೇಲಿನಿಂದ ಬರುವ ಒಂದು ಚಿತ್ರ ಎಲ್ಲ ಹಳ್ಳಿಗೂ ಒಂದೇ ಆಗಿರುತ್ತದೆ. ಗೋಡೆಯ ಪಟಕ್ಕೂ ನಾವು ತಯಾರಿಸುವ ಕಾರ್ಯಕ್ರಮಕ್ಕೂ ಈ ವಿಷಯದಲ್ಲಿ ವ್ಯತ್ಯಾಸ ಕಡಿಮೆ.

ಪಕ್ಕದ ಕೇರಳದಲ್ಲಿ 2010ರ ನಂತರ ಒಂದು ಒಳ್ಳೆಯ ಕೆಲಸ ಆರಂಭವಾಗಿದೆ. ‘ಸೀಸನ್‌ವಾಚ್’ ಎಂಬ ಯೋಜನೆಯಲ್ಲಿ ಶಾಲಾ ಮಕ್ಕಳು ತಮ್ಮ ಸಮೀಪದ ಮರವೊಂದನ್ನು ಆರಿಸಿಕೊಂಡು ವಾರಕ್ಕೊಮ್ಮೆ ಎಲೆ, ಹೂ, ಕಾಯಿಗಳನ್ನು ಗಮನಿಸಿ ಬರೆಯುತ್ತಾರೆ. ಅವರು ಗಮನಿಸುವ ಮರಗಳಲ್ಲಿ ಮುಖ್ಯವಾದದ್ದು ಕಣಿಕೊನ್ನ, ನಮ್ಮ ಕಕ್ಕೆ ಮರ. ಏಪ್ರಿಲ್ ನಡುವಿನ ವಿಷು ಹಬ್ಬಕ್ಕೆ ಅದರ ಹಳದಿ ಗೊಂಚಲು ಬೇಕೇ ಬೇಕು. ವಿಷುವಿಗೆ ಬಹಳ ಮುಂಚೆಯೇ ಎಷ್ಟೋ ಮರಗಳು ಹೂ ಬಿಡುವುದನ್ನು ಮಕ್ಕಳು ದಾಖಲಿಸಿದ್ದಾರೆ. ಹಿಂದೆ ಹೀಗಿರಲಿಲ್ಲ ಎಂದು ಹಿರಿಯರು ಹೇಳುತ್ತಾರೆ. ಎಷ್ಟು ದಿನ ಮುಂಚೆ? ಲೆಕ್ಕ ಹಾಕಲು 1897ರ ಸಂಪುಟ ಬೇಕಿತ್ತು. ನೆನಪಿನಿಂದ ಸರಾಸರಿ ತೆಗೆಯಲಾಗುವುದಿಲ್ಲ. ಹಾಗಾಗಿ ಈಗ ಶಾಲೆಯಲ್ಲಿರುವ ಮಕ್ಕಳ ಪುಸ್ತಕವೇ ಮುಂದಿನ ನೂರು ವರ್ಷಕ್ಕೆ ಹಳೆಯ ಸಂಪುಟ.

ಚಿತ್ರದುರ್ಗದ ಆ ಶಾಲೆಗೆ ಕಾರ್ಯಕ್ರಮ ಪ್ರಸಾರವಾದ ಮೇಲೆ ಇನ್ನೊಮ್ಮೆ ಹೋಗಿದ್ದೆ. ಗುಡುಗಿನ ದೃಶ್ಯವನ್ನು ಸಂಕಲನದಲ್ಲಿ ಕತ್ತರಿಸಿರಲಿಲ್ಲ, ಅದಕ್ಕೆ ಮೇಡಂ ಸ್ವಲ್ಪ ಮುನಿಸಿಕೊಂಡಿದ್ದರು. ಪಟ ಅಲ್ಲೇ ಇತ್ತು. ಅದರ ಪಕ್ಕಕ್ಕೆ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಗೆರೆ ಎಳೆದ ಹಾಳೆಯೊಂದು ಬಂದಿತ್ತು. ಕಲಂ ಎರಡಲ್ಲ, ಮೂರು: ದಿನ, ಕಂಡದ್ದು, ಕಂಡವರು. ಹೊಂಗೆ ಎಲೆ ಉದುರಿದ್ದು, ಬೇವು ಮೊದಲು ಹೂ ಬಿಟ್ಟದ್ದು, ಎರಡೂ ಬೇರೆ ಬೇರೆ ಕೈಬರಹದಲ್ಲಿ. ಮೂರನೆಯ ಸಾಲಿನಲ್ಲಿ ‘ಭರಣಿ ಮಳೆ’ ಎಂದು ಬರೆದು, ದಿನದ ಜಾಗವನ್ನು ಖಾಲಿ ಬಿಟ್ಟಿದ್ದರು. ‘ಇನ್ನೂ ಬಂದಿಲ್ಲ ಸಾರ್’ ಎಂದ ಆ ಹುಡುಗ.